ಗೂಡಿನ ಕಿಂಡಿ ಮುಚ್ಚಬೇಡಿ

ನಾನು ಬಾತುಕೋಳಿ ಸಾಕಲು ಶುರು ಮಾಡಿದ್ದು ನಾಡು ಬಿಟ್ಟು ಹಿಮ ಬೀಳುವ ಕಡೆ ಬಂದ ಮೇಲೆ. ಮೊದಲ ಚಳಿಗಾಲದಲ್ಲಿ ಗೂಡಿನ ಒಂದೊಂದು ಕಿಂಡಿಗೂ ಬಟ್ಟೆ ತುರುಕಿದ್ದೆ. ಫೋನಿನಲ್ಲಿ ಅಮ್ಮನೂ ಅದನ್ನೇ ಹೇಳಿದ್ದಳು: “ಪಾಪ ಕಣೋ, ಗಾಳಿ ನುಗ್ಗದ ಹಾಗೆ ಮುಚ್ಚಿಡು.” ಬೆಚ್ಚಗೆ ಹೊದಿಸಿ ಮುಚ್ಚಿಡುವುದೇ ಅಕ್ಕರೆ ಅಂತ ನಂಬಿ ಬೆಳೆದವರು ನಾವು.

ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ಘಾಟು. ಹಿಕ್ಕೆಯಿಂದ ಏಳುವ ಅಮೋನಿಯಾ. ಗೋಡೆಯ ಒಳಮೈಯೆಲ್ಲ ನೀರಿನ ಹನಿ. ಇಲ್ಲಿ ಬಹಳ ವರ್ಷದಿಂದ ಬಾತು ಸಾಕುತ್ತಿರುವ ನೆರೆಯವರು ಬಂದು ನೋಡಿದರು. ಮಾಡಿನ ಕೆಳಗಿನ ಬಟ್ಟೆಯನ್ನೆಲ್ಲ ಕಿತ್ತು ಹಾಕಿದರು. ಆವತ್ತು ನನಗೆ ಕೋಪ ಬಂದಿತ್ತು. ಈಗ ನಾನೂ ಅವರ ಪಕ್ಷವೇ.

ಬಾತುವಿನ ಮೈಬಿಸಿ ಸುಮಾರು 41ರಿಂದ 42 ಡಿಗ್ರಿ ಸೆಲ್ಸಿಯಸ್. ಮೇಲೆ ಎಣ್ಣೆ ಹಚ್ಚಿದ ಗರಿ, ಒಳಗೆ ದಟ್ಟ ತುಪ್ಪಳ. ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತ ಮೇಲೇರುವ ತಣ್ಣನೆಯ ರಕ್ತವನ್ನು ದಾರಿಯಲ್ಲೇ ಬೆಚ್ಚಗೆ ಮಾಡುತ್ತದೆ. ಹಾಗಾಗಿ ಹಿಮದ ಮೇಲೆ ನಿಂತರೂ ಮೈಬಿಸಿ ಅಷ್ಟಾಗಿ ಸೋರುವುದಿಲ್ಲ. ಅದು ಬಳಲುವುದು ತೇವಕ್ಕೆ. ಒದ್ದೆ ಹಾಸಿನಲ್ಲಿ ಕಾಲು ಮರಗಟ್ಟುತ್ತದೆ, ಘಾಟಿಗೆ ಉಸಿರಾಟ ಕೆಡುತ್ತದೆ. ಗಾಳಿ ತಲೆಯ ಮೇಲಿಂದ ಆಡಬೇಕು, ಮಲಗುವ ಮೈಗೆ ನೇರ ಬಡಿಯಬಾರದು. ಅಷ್ಟು ನೋಡಿಕೊಂಡರೆ ಸಾಕು. ಒಣಹುಲ್ಲಿನ ಗೂಡಿನಲ್ಲಿ ಹೀಟ್ ಲ್ಯಾಂಪ್ ನೇತುಹಾಕುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಒಂದು ಕಿಡಿ ಸಾಕಲ್ವಾ?

ನೀರಿನದೇ ನಿಜವಾದ ಕೆಲಸ. ಕೊಕ್ಕು, ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಬೇಕೇ ಬೇಕು, ಇಲ್ಲದಿದ್ದರೆ ಹೊಳ್ಳೆ ಕಟ್ಟಿಕೊಳ್ಳುತ್ತದೆ. ನಾನು ರಬ್ಬರ್ ತೊಟ್ಟಿ ಇಟ್ಟಿದ್ದೇನೆ. ಮಗುಚಿ ತುಳಿದರೆ ಮಂಜುಗಡ್ಡೆ ಕಳಚಿ ಬೀಳುತ್ತದೆ. ರಾತ್ರಿ ಗೂಡಿನೊಳಗೆ ಕಾಳೂ ಇಲ್ಲ, ನೀರೂ ಇಲ್ಲ. ಹಾಸು ಒಣಗಿರಲು ಅದೇ ಅರ್ಧ ಕಾರಣ. ಮೊಟ್ಟೆ ಹೆಚ್ಚಾಗಿ ಬೆಳಗಾಗುವ ಮೊದಲೇ ಬಂದಿರುತ್ತದೆ, ತಡ ಮಾಡಿದರೆ ಹೆಪ್ಪುಗಟ್ಟಿ ಸೀಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನೆರೆಯವರಿಗೂ ನನಗೂ ಹೊಂದುವುದಿಲ್ಲ. ಮೊಟ್ಟೆ ನಿಲ್ಲಬಾರದೆಂದು ಅವರು ಹಗಲಿನ ಬೆಳಕಿಗೆ ದೀಪದ ಬೆಳಕು ಸೇರಿಸಿ ದಿನಕ್ಕೆ 14 ಗಂಟೆ ಮಾಡುತ್ತಾರೆ. ನಾನು ಸುಮ್ನೆ ಬಿಟ್ಟುಬಿಡುತ್ತೇನೆ. ಹೊಸ ಗರಿ ಬೆಳೆಸಿ ಸುಸ್ತಾದ ಹಕ್ಕಿಗೆ ಬಿಡುವು ಬೇಕು.

ತೋಟದ ರೀತಿಯೂ ಬೇರೆ. ನಾನು ಬೆಳೆದ ಕಡೆ ಚಳಿಗಾಲ ಅಂದರೆ ಸೊಪ್ಪು ತರಕಾರಿಯ ಸುಗ್ಗಿ, ಆಗ ಬಾತುಗಳನ್ನು ಮಡಿಗಳ ಹತ್ತಿರವೂ ಬಿಡುವ ಹಾಗಿಲ್ಲ. ಇಲ್ಲಿ ಮಡಿಗಳು ಖಾಲಿ. ನೆಲ ಹೆಪ್ಪುಗಟ್ಟದ, ಜಾಸ್ತಿ ಕೆಸರೂ ಇಲ್ಲದ ದಿನ ಅವನ್ನು ಒಳಗೆ ಬಿಡುತ್ತೇನೆ. ಮಣ್ಣಿನಲ್ಲಿ ಅಡಗಿದ ಬಸವನಹುಳುವಿನ ಮೊಟ್ಟೆಗಳನ್ನು ಕೊಕ್ಕಿನಿಂದ ಜಾಲಾಡಿ ತಿನ್ನುತ್ತವೆ. ಕೆಸರಿದ್ದಾಗ ಬಿಟ್ಟರೆ ತುಳಿದು ಮಣ್ಣನ್ನು ಗಟ್ಟಿ ಮಾಡಿಬಿಡುತ್ತವೆ.

ಗೂಡಿನಿಂದ ತೆಗೆದ ಹುಲ್ಲು ಆ ಖಾಲಿ ಮಡಿಗಳ ಹೊದಿಕೆ. ಅದರಲ್ಲಿ ಹಸಿಗೊಬ್ಬರ ಇರುವುದರಿಂದ, ಮಣ್ಣಿಗೆ ತಾಗಿ ಬೆಳೆಯುವ ತರಕಾರಿ ಕೀಳುವುದಕ್ಕೆ ಕನಿಷ್ಠ 120 ದಿನ ಮೊದಲೇ ಹಾಕಿರಬೇಕು. ಚಳಿಗೆ ಮುಂಚೆ ನೆಟ್ಟ ಬೆಳ್ಳುಳ್ಳಿಗೆ ಮಾತ್ರ ಬೇರೆ ಶುದ್ಧ ಹುಲ್ಲು, ಸುತ್ತ ಬೇಲಿ. ಅದರ ಮೊಳಕೆ ಹುಲ್ಲನ್ನು ಸರಿಸಿ ಮೇಲೆ ಬರುವ ಹೊತ್ತಿಗೆ ಬಾತುಗಳಿಗೆ ತೋಟದ ಬಾಗಿಲು ಹಾಕುತ್ತೇನೆ.