‘ಟಿಪ್’ ಮೂರು ಅಕ್ಷರ ಜೋಡಿಸಿ ಮಾಡಿದ ಪದವಲ್ಲ

ವಿಜಯಪುರದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡ್ತಾ ಇದೆ. ‘ಟು ಇನ್ಶೂರ್ ಪ್ರಾಂಪ್ಟ್‌ನೆಸ್’, ಅಂದರೆ ‘ಬೇಗ ಸೇವೆ ಸಿಗಲಿ’ ಎನ್ನುವ ಮಾತಿನ ಮೊದಲಕ್ಷರಗಳಿಂದ ಬಕ್ಷೀಸಿಗೆ ಹೇಳುವ ‘ಟಿಪ್’ ಹುಟ್ಟಿತಂತೆ. ಇದು ತಪ್ಪು.

17ನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಕಳ್ಳರ ಗುಪ್ತ ಮಾತಿನಲ್ಲಿ ‘ಟಿಪ್’ ಅಂದರೆ ‘ಕೊಡು, ದಾಟಿಸು’ ಎಂದಿತ್ತು. ಮುಂದಿನ ಶತಮಾನದಲ್ಲಿ ಅದೇ ಪದ ಬಕ್ಷೀಸಿಗೆ ಬಳಕೆಯಾಯಿತು. ಮೊದಲಕ್ಷರ ಜೋಡಿಸಿ ಪದ ಕಟ್ಟುವ ರೂಢಿ ಜಾಸ್ತಿಯಾಗಿದ್ದು 20ನೇ ಶತಮಾನದಲ್ಲಿ. ಇನ್ನೊಂದು ಮಾತು: ‘ಖಚಿತಪಡಿಸು’ ಅನ್ನೋಕೆ ಇಂಗ್ಲಿಷಿನವರು ಈಗ ಸಾಮಾನ್ಯವಾಗಿ ‘ಎನ್ಶೂರ್’ ಅಂತಾರೆ. ಹಾಗಾದರೆ ಪದ ‘ಟೆಪ್’ ಆಗಬೇಕಿತ್ತು, ಅಲ್ವಾ?

ಪೆನ್ನಿನ ತುದಿಯೂ ಟಿಪ್ಪೇ. ಆದರೆ ಅದರ ಬೇರು ಬೇರೆ, ಹಳೆಯ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಬಳಗದ) ಭಾಷೆಗಳದು. ನಮ್ಮಲ್ಲೂ ‘ಹತ್ತು ರೂಪಾಯಿ’ ಅಂತೀವಿ, ‘ಬಸ್ ಹತ್ತು’ ಅಂತೀವಿ. ಸದ್ದು ಒಂದೇ, ಅರ್ಥ ಬೇರೆ.

ನನಗೆ ತುಂಬಾ ಹಿಡಿಸಿದ್ದು ನಮ್ಮ ‘ಬಕ್ಷೀಸು’. ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ, ಬಡೇಸೋಪಿನ ಬಟ್ಟಲ ಕೆಳಗೆ ನೋಟು ಇಟ್ಟು ಏಳ್ತೀವಲ್ಲ, ಅದಕ್ಕೆ ನಮ್ಮ ಹಿರಿಯರ ಮಾತು ಇದೇ. ಇದು ಪಾರ್ಸಿ (ಪರ್ಷಿಯನ್) ಭಾಷೆಯ ‘ಬಖ್ಶೀದನ್’ ಕ್ರಿಯಾಪದದ ಬಳಗದ್ದು. ಅದರ ಒಂದು ಅರ್ಥವೂ ‘ಕೊಡು’ ಅಂತಲೇ! ಪಾರ್ಸಿ, ಇಂಗ್ಲಿಷ್ ಎರಡರಲ್ಲೂ ಕೊಡುವ ಕೆಲಸದಿಂದಲೇ ಹೆಸರು ಬಂದಿದೆ. ಆ ಸಂದೇಶ ನಿಮಗೂ ಬಂದಿದ್ದರೆ, ಸುಮ್ನೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ತಿಳಿಸಿ.