ಎಡಗಾಲಿನ ಚಪ್ಪಲಿಯ ಕೇಸು

ಮಳೆಗಾಲದಲ್ಲಿ ಚಪ್ಪಲಿ ಹೊರಗೆ ಬಿಡಬಾರದು ಅಂತ ನಮ್ಮ ಕಡೆ ಎಲ್ರಿಗೂ ಗೊತ್ತು ಮಾರಾಯ್ರೆ, ಆದ್ರೆ ಕೆಸರು ಮೆತ್ತಿದ್ದನ್ನು ಒಳಗೆ ತಂದ್ರೆ ಅಮ್ಮ ಬಿಡ್ತಾರಾ? ಇವತ್ತು ಬೆಳಿಗ್ಗೆ ನೋಡಿದ್ರೆ ಜಗಲಿಯಲ್ಲಿ ಬಲಗಾಲಿಂದು ಉಂಟು, ಎಡಗಾಲಿಂದು ನಾಪತ್ತೆ. ಕಾಸರಗೋಡಿನಿಂದ ತಂದು ವಾರ ಆಗಿಲ್ಲ, ಮೇಲಿಂದ ಮಧೂರಲ್ಲಿ ಮದುವೆ ಬೇರೆ.

ನಮ್ಮ ನಾಯಿ ಬೊಗ್ಗುವನ್ನು ಕರೆದು, ಉಳಿದ ಚಪ್ಪಲಿ ಅದರ ಮೂಗಿನ ಎದುರು ಹಿಡಿದು ಬೈದದ್ದೇ ತಡ, ಕಿವಿ ಹಿಂದೆ, ತಲೆ ಕೆಳಗೆ, ಬಾಲ ಕಾಲೆಡೆಗೆ, ಕಣ್ಣು ಮಾತ್ರ ಮೇಲೆ. ಸಾಲದ್ದಕ್ಕೆ ಅಡ್ಡ ಬಿದ್ದು ಹೊಟ್ಟೆ ತೋರಿಸಿತು. "ಪಾಪ, ತಪ್ಪಾಯ್ತು ಅಂತ ಅದಕ್ಕೇ ಗೊತ್ತುಂಟು, ಮುಖ ನೋಡು" ಅಂತ ಅಮ್ಮ. ಗೊತ್ತಿದ್ರೆ ಚಪ್ಪಲಿ ಎಲ್ಲಿ ಅಂತ ತೋರಿಸ್ಲಿ! ಕೊಡೆ ಹಿಡಿದು ತೋಟ ಇಡೀ ಹುಡುಕಿದ್ದು ನಾನು, ಹಿಂದಿನಿಂದ ಅದು ಟೂರ್ ಬಂದ ಹಾಗೆ ಬಂತು, ನಾನು ತಿರುಗಿ ನೋಡಿದಾಗೆಲ್ಲ ಪುನಃ ತಲೆ ಕೆಳಗೆ.

ಅಷ್ಟರಲ್ಲಿ ಬೇಲಿ ಹತ್ರ ಆಚೆಮನೆ ಅಕ್ಕ. "ಇದು ನಿಮ್ಮದಾ? ನಮ್ಮ ಟಾಮಿ ರಾತ್ರಿ ತಂದು ಹಾಕಿದ್ದು." ಪಟ್ಟಿ ಇಲ್ಲ, ಹಿಮ್ಮಡಿ ಅರ್ಧ ಉಂಟು. ಮದುವೆಗೆ ಬಾತ್‌ರೂಮಿನ ಹವಾಯಿಯೇ ಗತಿ.

ಕದ್ದದ್ದು ಟಾಮಿ, ಒಪ್ಪಿಕೊಂಡದ್ದು ಬೊಗ್ಗು! ಅಲೆಕ್ಸಾಂಡ್ರಾ ಹೊರೊವಿಟ್ಸ್ ಅಂತ ಅಮೆರಿಕದ ಸಂಶೋಧಕಿ 2009ರಲ್ಲೇ ಹೇಳಿದ್ದಾರೆ, ನಾಯಿಯ ಆ ಪಾಪದ ಮುಖ ಅದು ಮಾಡಿದ ತಪ್ಪಿಗಲ್ಲ, ನಮ್ಮ ಬೈಗುಳಕ್ಕೆ. ಅವರ ಪ್ರಯೋಗದಲ್ಲಿ, ಮುಟ್ಟಬೇಡ ಅಂದ ತಿಂಡಿಯನ್ನು ಮುಟ್ಟದೇ ಇದ್ದ ನಾಯಿಗೆ ಬೈದ್ರೆ ಆ ಮುಖ ಇನ್ನೂ ಜೋರು. ಪಶ್ಚಾತ್ತಾಪ ಗಿಶ್ಚಾತ್ತಾಪ ಎಲ್ಲ ನಾವೇ ಅಂಟಿಸಿದ್ದು.

ನಿಷ್ಠೆಯೂ ಹಾಗೆಯೇನೋ. 1925ರಲ್ಲಿ ಯಜಮಾನ ತೀರಿಹೋದ ಮೇಲೂ ಟೋಕಿಯೊದ ಶಿಬುಯಾ ಸ್ಟೇಷನ್ನಿಗೆ ವರ್ಷಗಟ್ಟಲೆ ಬಂದು ಕೂತ ಹಾಚಿಕೊ ಅನ್ನುವ ನಾಯಿ 1935ರಲ್ಲಿ ಸತ್ತಾಗ, ಅದರ ಹೊಟ್ಟೆಯಲ್ಲಿ ಸುಟ್ಟ ಕೋಳಿ ಚುಚ್ಚುವ ಕಡ್ಡಿಗಳು ಸಿಕ್ಕಿದ್ವು. ನಮ್ಮ ಹಳೇ ನಾಯಿಯೂ ಸಂಜೆ ಬದಿಯಡ್ಕದ ಬಸ್ಸಿಗೆ ಕಾಯ್ತಿತ್ತು, ಅಪ್ಪ ಬರುವ ಬಸ್ಸು. ಅಪ್ಪ ಹೋದ ಮೇಲೂ ಕಾಯ್ತಿತ್ತು. ಬಸ್‌ಸ್ಟಾಪಿನ ಹೋಟೆಲಿನವರು ಗೋಳಿಬಜೆ ಹಾಕ್ತಿದ್ರು ಅಂತ ಆಮೇಲೆ ಗೊತ್ತಾಯ್ತು. ಅಮ್ಮನ ಹತ್ರ ಆ ವಿಷಯ ನಾನು ಎತ್ತಲೇ ಇಲ್ಲ.

ಹೊರೊವಿಟ್ಸ್ ಕಥೆ ಮಾತ್ರ ಹೇಳಿದೆ. ಅಮ್ಮ ಕಾವಲಿಯಿಂದ ನೀರುದೋಸೆ ಎಬ್ಬಿಸ್ತಾ ಕೇಳಿದ್ರು, "ಮಾಡದ ತಪ್ಪಿಗೂ ಅದು ತಲೆ ತಗ್ಗಿಸ್ತದೆ. ನೀನು ಮಾಡಿದ್ದಕ್ಕಾದ್ರೂ ತಗ್ಗಿಸಿದ್ದುಂಟಾ?"

ಆ ದೋಸೆ ಬೊಗ್ಗುವಿಗೆ ಹೋಯ್ತು, ಅದರ ಮೇಲಿನದ್ದೂ.