ಕನ್ನಡಿಯೊಳಗಿನ ಗಂಟು

ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಎದುರಿಗೊಂದು ಕನ್ನಡಿ, ಬೆನ್ನಿಗೊಂದು ಕನ್ನಡಿ. ಬಿಳಿ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತರೆ ಸಾಕು, ನನ್ನದೇ ಮೆರವಣಿಗೆ ಹೊರಡುತ್ತದೆ. ಒಬ್ಬನದು ಮುಖ, ಇನ್ನೊಬ್ಬನದು ಬೆನ್ನು, ಮತ್ತೆ ಮುಖ, ಮತ್ತೆ ಬೆನ್ನು. ಹಿಂದಿನ ಸಾಲಿನವರು ಮಂಕಾಗುತ್ತ, ತುಸು ಹಸಿರಾಗುತ್ತ ಹೋಗುತ್ತಾರೆ. ಗಾಜಿನಲ್ಲಿರುವ ಕಬ್ಬಿಣದ ಅಂಶದ ಕರಾಮತ್ತು ಅದು. ಬೆಳಕು ಗಾಜಿನೊಳಗೆ ಹೋಗಿ ಬಂದಾಗಲೆಲ್ಲ ಒಂದಿಷ್ಟು ಸುಂಕ ತೆರಬೇಕು. ಹಸಿರಿಗೆ ಮಾತ್ರ ರಿಯಾಯಿತಿ. ನೆತ್ತಿಯ ಹಿಂದೆ ಕೂದಲು ಖಾಲಿಯಾಗುತ್ತಿರುವ ಸುದ್ದಿ ನನಗೆ ತಿಳಿದದ್ದೂ ಆ ಬೆನ್ನಿನವರಿಂದಲೇ. ಮನೆಯವರೆಲ್ಲ ಮರ್ಯಾದೆಗೆ ಸುಮ್ಮನಿದ್ದರು.

ಕನ್ನಡಿಯ ಮುಂದೆ ಮೂರಡಿ ದೂರದಲ್ಲಿ ಕೂತರೆ, ಬಿಂಬ ಕನ್ನಡಿಯ ಹಿಂದೆ ಮೂರಡಿ ದೂರದಲ್ಲಿರುತ್ತದೆ. ಆ ಗೋಡೆಯಾಚೆ ಇರುವುದು ಟೈಲರ್ ಅಂಗಡಿ. ಅಂದರೆ ಲೆಕ್ಕದ ಪ್ರಕಾರ ನಾನು ಕತ್ತಿನವರೆಗೆ ಬಟ್ಟೆ ಸುತ್ತಿಕೊಂಡು ಟೈಲರನ ಹೊಲಿಗೆ ಮಿಷನ್ನಿನ ಮೇಲೆ ಕೂತಿದ್ದೇನೆ. ಪಾಪ, ಅವನಿಗೆ ಗೊತ್ತಿಲ್ಲ. ಅಲ್ಲಿಗೆ ಬೆಳಕು ಹೋಗಿಯೇ ಇಲ್ಲ. ಅದು ಕನ್ನಡಿಗೆ ಬಡಿದು, ಬಿದ್ದಷ್ಟೇ ಓರೆಯಲ್ಲಿ ವಾಪಸು ಬಂದಿದೆ. ಕಣ್ಣಿಗೆ ಈ ತಿರುವು ಗೊತ್ತಾಗುವುದಿಲ್ಲ. ಬೆಳಕು ನೆಟ್ಟಗೆ ಬಂತೆಂದೇ ನಂಬಿ ಗೋಡೆಯ ಹಿಂದಕ್ಕೆ ಬೆರಳು ತೋರಿಸುತ್ತದೆ. ಕನ್ನಡಿಯೊಳಗಿನ ಗಂಟು ಎಂದ ನಮ್ಮ ಹಿರಿಯರು ಕೋನ ಅಳೆದಿರಲಿಕ್ಕಿಲ್ಲ, ಆದರೆ ಗಂಟಿಗೆ ಕೈಹಾಕಿ ನೋಡಿದ್ದರು.

ಆಳೆತ್ತರದ ಕನ್ನಡಿ ಬೇಕೆಂದು ದುಡ್ಡು ಸುರಿಯುವವರಿಗೆ ಒಂದು ಮಾತು: ಅರ್ಧ ಆಳು ಸಾಕು. ಐದೂವರೆ ಅಡಿಯವರು ಎರಡೂಮುಕ್ಕಾಲು ಅಡಿಯ ಕನ್ನಡಿಯನ್ನು ಸರಿಯಾದ ಎತ್ತರಕ್ಕೆ ತೂಗುಹಾಕಿದರೆ ನೆತ್ತಿಯಿಂದ ಹಿಮ್ಮಡಿವರೆಗೆ ಕಾಣುತ್ತದೆ. ಇದನ್ನು ಬಡಗಿಗೆ ವಿವರಿಸಿದೆ. ಅವನು ನನ್ನನ್ನು ಜಿಪುಣರ ಪಟ್ಟಿಗೆ ಸೇರಿಸಿದ.

ಕಣ್ಣಿನ ಈ ಮುಗ್ಧತೆ ಕನ್ನಡಿಗಷ್ಟೇ ಸೀಮಿತವಲ್ಲ. ಬೇಸಿಗೆಯ ಮಧ್ಯಾಹ್ನ ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುತ್ತದಲ್ಲ, ಅದು ನೀರಲ್ಲ, ಆಕಾಶ. ಕಾದ ರಸ್ತೆಗೆ ಅಂಟಿದ ಗಾಳಿ ಬಿಸಿಯಾಗಿ ತೆಳುವಾಗುತ್ತದೆ, ಮೇಲಿಂದ ಇಳಿಯುವ ಬೆಳಕು ಅಲ್ಲಿ ಬಾಗಿ ಮತ್ತೆ ಮೇಲೇಳುತ್ತದೆ. ಕಣ್ಣು ಮಾತ್ರ ಎಂದಿನಂತೆ ನೇರ ದಾರಿ ಹಿಡಿದು, ಆಕಾಶವನ್ನು ತಂದು ರಸ್ತೆಗೆ ಚೆಲ್ಲುತ್ತದೆ. ಇದಕ್ಕೆ ಬಿಸಿಲುಗುದುರೆ ಎಂದು ಹೆಸರಿಟ್ಟವರಿಗೆ ನಾನು ಋಣಿ. ಹತ್ತಿರ ಹೋದಂತೆ ಓಡಿಹೋಗುವುದಕ್ಕೆ ಕುದುರೆಯಲ್ಲದೆ ಇನ್ನೇನನ್ನಬೇಕು?

ಮೊನ್ನೆ ಮಗಳಿಗೆ ಶಾಲೆಯಲ್ಲಿ ಅಶ್ರಗದ ಪ್ರಯೋಗ ಮಾಡಿಕೊಂಡು ಬರಲು ಹೇಳಿದ್ದರು. ಪ್ರಿಸಂ ಅಂದಿದ್ದರೆ ನನಗೂ ಅರ್ಥವಾಗುತ್ತಿತ್ತು. ಸ್ಟೇಷನರಿ ಅಂಗಡಿಯವನು ಎರಡೂ ಇಲ್ಲ ಎಂದ. ಕೊನೆಗೆ ಅಗಲವಾದ ಸ್ಟೀಲ್ ತಟ್ಟೆಗೆ ನೀರು ಹಾಕಿ, ಶೇವಿಂಗ್ ಕನ್ನಡಿಯನ್ನು ಅದರಲ್ಲಿ ಓರೆಯಾಗಿ ಮುಳುಗಿಸಿ, ಬೆಳಗಿನ ಎಳೆಬಿಸಿಲಿಗೆ ಕಿಟಕಿಯ ಬಳಿ ಇಟ್ಟೆವು. ನೀರಿನ ಮೇಲ್ಮೈಗೂ ಕನ್ನಡಿಗೂ ನಡುವೆ ಬೆಣೆಯಾಕಾರದ ನೀರು ಉಳಿಯುತ್ತದೆ, ಅದೇ ಅಶ್ರಗ. ನೀರು ಕೆಂಪನ್ನು ಕಡಿಮೆ, ನೇರಳೆಯನ್ನು ಹೆಚ್ಚು ಬಾಗಿಸುತ್ತದೆ. ತಟ್ಟೆ ಅಲ್ಲಾಡುವುದು ನಿಂತ ಮೇಲೆ ಸೂರಿನಲ್ಲಿ, ಫ್ಯಾನಿನ ಪಕ್ಕ, ಅಂಗೈಯಗಲ ಕಾಮನಬಿಲ್ಲು ಮೂಡಿತು.

ಗಾಜೇ ಬಿಳಿ ಬೆಳಕಿಗೆ ಬಣ್ಣ ಬಳಿಯುತ್ತದೆ ಎಂದು ಒಂದು ಕಾಲಕ್ಕೆ ಬಲ್ಲವರೂ ನಂಬಿದ್ದರು. ನ್ಯೂಟನ್ 1666ರಲ್ಲಿ ಪ್ರಿಸಂ ತರಿಸಿ ಪರೀಕ್ಷೆಗೆ ತೊಡಗಿದ. ಒಂದರಿಂದ ಹೊರಬಿದ್ದ ಒಂದೇ ಬಣ್ಣವನ್ನು ಎರಡನೆಯದಕ್ಕೆ ಹಾಯಿಸಿದರೆ, ಕೆಂಪು ಕೆಂಪಾಗಿಯೇ ಉಳಿಯಿತು. ಹೊಸ ಬಣ್ಣ ಹುಟ್ಟಲಿಲ್ಲ.

ಮಗಳು ಬೆರಳು ಮಡಚುತ್ತ ಎಣಿಸಿದಳು. "ಅಪ್ಪಾ, ಊದಾ ಎಲ್ಲಿ?"

ನಾನೂ ಹುಡುಕಿದೆ. ನೀಲಿ ಇತ್ತು, ನೇರಳೆ ಇತ್ತು. ನ್ಯೂಟನ್ನನೂ ಮೊದಲು ಎಣಿಸಿದ್ದು ಐದೇ ಬಣ್ಣ ಕಣೇ, ಸಂಗೀತದ ಏಳು ಸ್ವರಗಳಿಗೆ ಹೊಂದಲಿ ಅಂತ ಆಮೇಲೆ ಕಿತ್ತಳೆಯನ್ನೂ ಊದಾವನ್ನೂ ಸೇರಿಸಿದ ಎಂದೆ. ಅಷ್ಟರಲ್ಲಿ ಹಿಟ್ಟು ಕಲಸಲು ತಟ್ಟೆ ಬೇಕೆಂದು ಅವಳಮ್ಮ ಬಂದಳು. ಕಾಮನಬಿಲ್ಲು ಸೂರಿನಿಂದ ಜಾರಿ, ಕ್ಯಾಲೆಂಡರಿನ ಮೇಲೆ ಹಾದು, ಸಿಂಕಿಗೆ ಹೋಯಿತು.

ಕಂಡಷ್ಟನ್ನೇ ಬರೆಯುತ್ತೇನೆಂದು ಮಗಳು ನೋಟ್‌ಬುಕ್ಕಿನಲ್ಲಿ ಆರು ಬಣ್ಣ ಬರೆದಳು. ಮರುದಿನ ಅದು ವಾಪಸು ಬಂತು. ಏಳನೆಯದನ್ನು ಟೀಚರ್ ಸೇರಿಸಿ ಕಳಿಸಿದ್ದರು: ಊದಾ, ಕೆಂಪು ಶಾಯಿಯಲ್ಲಿ.